ಸರ್ ಎಡ್ವಿನ್ ಚಾಡ್ವಿಕ್: ಪಟ್ಟಣಗಳ ನೀರಿಗೂ ಚರಂಡಿಗೂ ಕಾಯಿದೆ ಮಾಡಿಸಿದವನು

ಪಟ್ಟಣದಲ್ಲಿರುವ ನಂಟರ ಮನೆಗೆ ಹೋದಾಗ ನಲ್ಲಿಯನ್ನು ತಿರುವಿದ ಕೂಡಲೆ ನೀರು ಬೀಳುವದನ್ನು ನಾವು ನೋಡುತ್ತೇವೆ. ಬಚ್ಚಲಿನ ನೀರೂ ಕಕ್ಕಸಿನ ಹೊಲಸೂ ನೆಲದ ಕೆಳಗಿನ ಕೊಳವೆಯಲ್ಲಿ ಎಲ್ಲಿಗೋ ಹರಿದುಹೋಗುತ್ತವೆ. ಕೊಡವನ್ನು ಹೊತ್ತು ಬಾವಿಗೆ ನಡೆದುಹೋಗುವ ನಮಗೆ ಇದು ಸೋಜಿಗವೆಂದು ಕಂಡರೂ, ಅದರ ಒಳಗುಟ್ಟು ಕಬ್ಬಿಣದ ಕೊಳವೆಯಲ್ಲಿಲ್ಲ. ಕೊಳವೆಯನ್ನು ಮಾಡುವ ವಿದ್ಯೆ ಮನುಷ್ಯರಿಗೆ ಬಹು ಕಾಲದಿಂದ ಗೊತ್ತಿತ್ತು. ನೀರನ್ನು ಯಾರು ತರಬೇಕು, ಹೊಲಸನ್ನು ಯಾರು ಒಯ್ಯಬೇಕು, ಅದಕ್ಕೆ ಹಣವನ್ನು ಯಾರು ಕೊಡಬೇಕು, ಕೆಲಸ ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳಿಗೆ ಮಾತ್ರ ಯಾರಲ್ಲಿಯೂ ಉತ್ತರವಿರಲಿಲ್ಲ. ಇವುಗಳಿಗೆ ಕಾಯಿದೆಯ ಮೂಲಕ ಉತ್ತರ ಕೊಡುವದಕ್ಕೆ ಇಂಗ್ಲೆಂಡಿನಲ್ಲಿ ಮೊದಲಾಗಿ ಬಹಳ ಹೋರಾಡಿದವನು ಎಡ್ವಿನ್ ಚಾಡ್ವಿಕನು. ಅವನು ಜನರ ಪ್ರೀತಿಗೆ ಪಾತ್ರನಾದವನಲ್ಲ. ಅವನ ಎಣಿಕೆಗಳೆಲ್ಲವೂ ಸರಿಯಾಗಿದ್ದವೆಂದೂ ನಾವು ಹೇಳಲಾರೆವು. ಆದಾಗ್ಯೂ ಅವನ ಚರಿತ್ರೆ ತಿಳಿಯತಕ್ಕದ್ದಾಗಿದೆ.

ಅವನು ಕ್ರಿ. ಶ. 1800ನೆಯ ಇಸವಿ ಜನವರಿ ತಿಂಗಳ 24ನೆಯ ತಾರೀಕಿನಲ್ಲಿ ಮ್ಯಾಂಚೆಸ್ಟರ್ ಪಟ್ಟಣಕ್ಕೆ ಸಮೀಪವಾದ ಲಾಂಗ್‌ಸೈಟ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ಅಜ್ಜನಾದ ಆಂಡ್ರೂ ಚಾಡ್ವಿಕನು ಜಾನ್ ವೆಸ್ಲಿಯ ಸ್ನೇಹಿತನೂ ಲಂಕಾಶಯರ್ ಸೀಮೆಯಲ್ಲಿ ಭಾನುವಾರದ ಶಾಲೆಗಳನ್ನು ಸ್ಥಾಪಿಸಿದವರಲ್ಲಿ ಒಬ್ಬನೂ ಆಗಿದ್ದನು. ತಂದೆಯು ಪತ್ರಿಕೆಗಳಿಗೆ ಬರೆದು ಜೀವಿಸುವವನು. ತಾಯಿ ಅವನ ಬಾಲ್ಯದಲ್ಲಿಯೇ ತೀರಿಹೋದಳು. ಹುಡುಗನಿಗೆ ಸುಮಾರು ಹತ್ತು ವರುಷವಾಗಿದ್ದಾಗ ಕುಟುಂಬವು ಲಂಡನಿಗೆ ಬಂತು. ದೊಡ್ಡ ವಿದ್ಯಾಶಾಲೆಗಳಿಗೆ ಹೋಗುವಷ್ಟು ಅನುಕೂಲವಿಲ್ಲದ್ದರಿಂದ ಅವನು ವಕೀಲರ ಕಚೇರಿಯಲ್ಲಿ ಕೆಲಸ ಕಲಿತು, ಆ ಮೇಲೆ ಬ್ಯಾರಿಸ್ಟರ್ ಪರೀಕ್ಷೆಗೆ ಓದತೊಡಗಿ, 1830ರಲ್ಲಿ ಆ ಪದವಿಯನ್ನು ಹೊಂದಿದನು. ಓದುವ ದಿನಗಳಲ್ಲಿ ಹೊಟ್ಟೆಪಾಡಿಗಾಗಿ ಪತ್ರಿಕೆಗಳಿಗೆ ಬರೆಯುತ್ತಿದ್ದನು. ಆ ಲೇಖನಗಳನ್ನು ನೋಡಿದ ಜೆರೆಮಿ ಬೆಂಥಮ್ ಎಂಬ ಪ್ರಸಿದ್ಧ ಕಾನೂನು ಪಂಡಿತನು ತನ್ನ ಮುದಿಪ್ರಾಯದಲ್ಲಿ ಅವನನ್ನು ಮನೆಗೆ ಕರೆದು ಬರವಣಿಗೆಯ ಸಹಾಯಕನನ್ನಾಗಿ ಇಟ್ಟುಕೊಂಡನು. 1832ರಲ್ಲಿ ಬೆಂಥಮನು ಸತ್ತನು. ಕಾನೂನು ಎಂಬದು ಪೂರ್ವಿಕರಿಂದ ಬಂದ ವಾಡಿಕೆಯಲ್ಲ, ಅತ್ಯಧಿಕ ಜನರ ಸುಖಕ್ಕೆ ತಕ್ಕಂತೆ ತಿದ್ದಿ ಮಾಡಬಹುದಾದ ಉಪಕರಣವು ಎಂಬ ಅವನ ಬೋಧನೆ ಶಿಷ್ಯನಲ್ಲಿ ಕಡೆಯ ತನಕ ಉಳಿಯಿತು.

ಅವನು ಮೊದಲು ಹೆಸರುಗೊಂಡದ್ದು ಬಡವರ ಕಾಯಿದೆಯಿಂದ. ಇಂಗ್ಲೆಂಡಿನಲ್ಲಿ ದಿಕ್ಕಿಲ್ಲದವರನ್ನು ಆಯಾ ಪಾರಿಷಿನವರು ತೆರಿಗೆ ಎತ್ತಿ ಸಾಕುತ್ತಿದ್ದರು. ಈ ವೆಚ್ಚ ಬೆಳೆದುಹೋದದ್ದರಿಂದ ಸರಕಾರವು 1832ರಲ್ಲಿ ವಿಚಾರಣಾ ಮಂಡಲಿಯನ್ನು ನೇಮಿಸಿತು. 1834ರ ವರದಿಯನ್ನು ಬರೆದವರು ನಾಸೌ ಸೀನಿಯರ್ ಎಂಬವನೂ ಚಾಡ್ವಿಕನೂ. ಅದರಂತೆ ಹುಟ್ಟಿದ ಕಾಯಿದೆಯು ಪಾರಿಷುಗಳನ್ನು ಒಕ್ಕೂಟಗಳಾಗಿ ಕೂಡಿಸಿ, ಕೆಲಸ ಮಾಡಲು ಶಕ್ತಿಯಿದ್ದು ಸಹಾಯ ಕೇಳುವವರು ದುಡಿಮೆಮನೆ ಎಂಬ ಕಟ್ಟಡದೊಳಗೆ ಬಂದೇ ಅದನ್ನು ಪಡೆಯಬೇಕೆಂದು ವಿಧಿಸಿತು. ಅಲ್ಲಿಯ ಜೀವನವು ಹೊರಗಿನ ಅತಿ ಬಡ ಕೂಲಿಯ ಜೀವನಕ್ಕಿಂತ ಕಠಿಣವಾಗಿರಬೇಕೆಂಬದು ಅದರ ತತ್ವ. ಗಂಡ ಹೆಂಡತಿ ಮಕ್ಕಳು ಬೇರೆಬೇರೆ ಕೊಠಡಿಗಳಲ್ಲಿ ಇಡಲ್ಪಟ್ಟರು. ಬಡವರು ಈ ಮನೆಗಳನ್ನು ಸೆರೆಮನೆಯೆಂದು ಕರೆದು ಚಾಡ್ವಿಕನ ಹೆಸರನ್ನು ಶಪಿಸಿದರು. ಅವರ ಶಾಪಕ್ಕೆ ಕಾರಣವಿತ್ತೆಂದು ನಮಗೆ ತೋರುತ್ತದೆ. ಅವನು ಆ ಇಲಾಖೆಯ ಕಾರ್ಯದರ್ಶಿಯಾದನು. ಕಮಿಶನರ್ ಆಗಬೇಕೆಂದಿದ್ದವನಿಗೆ ಅದು ಅತೃಪ್ತಿಯನ್ನೇ ಕೊಟ್ಟಿತು, ಮೇಲಧಿಕಾರಿಗಳ ಸಂಗಡ ಅವನಿಗೆ ಎಂದೂ ಹೊಂದಲಿಲ್ಲ.

ಆದರೆ ಇದೇ ಕಚೇರಿಯ ಲೆಕ್ಕಗಳಿಂದ ಅವನಿಗೆ ಒಂದು ಸಂಗತಿ ಗೋಚರವಾಯಿತು. ಸಹಾಯ ಕೇಳಿ ಬರುವವರಲ್ಲಿ ಸೋಮಾರಿಗಳಿಗಿಂತ ಗಂಡನು ಜ್ವರದಿಂದ ಸತ್ತ ವಿಧವೆಯರೂ ತಂದೆಯಿಲ್ಲದ ಮಕ್ಕಳೂ ಬಹಳ. ಆ ಜ್ವರವಾದರೋ ಕೆಲವು ಬೀದಿಗಳನ್ನು ಬಿಡದೆ ತಿರುಗಿ ತಿರುಗಿ ಬರುವದು. ಹಾಗಾದರೆ ಬೇನೆಯು ಬಡತನವನ್ನು ಹುಟ್ಟಿಸುತ್ತದೆ, ಬಡತನವು ತೆರಿಗೆಯನ್ನು ಹೆಚ್ಚಿಸುತ್ತದೆ. ಬೇನೆಯನ್ನು ತಡೆಯುವ ಖರ್ಚು ಬಡವರನ್ನು ಸಾಕುವ ಖರ್ಚಿಗಿಂತ ಕಡಿಮೆಯಾಗುವದು. ಈ ವಾದದಲ್ಲಿ ಕನಿಕರಕ್ಕಿಂತ ಲೆಕ್ಕವೇ ಮುಂದಾಗಿದೆಯೆಂದು ವಾಚಕರು ಹೇಳಬಹುದು. ನಿಜವೇ. ಆದರೂ ಕನಿಕರದ ಮಾತಿಗೆ ಕಿವಿಗೊಡದೆ ಇದ್ದ ತೆರಿಗೆದಾರರು ಈ ಲೆಕ್ಕಕ್ಕೆ ಕಿವಿಗೊಟ್ಟರು.

1838ರಲ್ಲಿ ಅವನು ಮೂವರು ವೈದ್ಯರನ್ನು ಲಂಡನಿನ ಪೂರ್ವಭಾಗದ ಜ್ವರದ ಕೇರಿಗಳಿಗೆ ಕಳುಹಿಸಿದನು. ಅವರು ಸೌತ್‌ವುಡ್ ಸ್ಮಿತ್, ನೀಲ್ ಆರ್ನಾಟ್, ಜೇಮ್ಸ್ ಕೇ ಎಂಬವರು. ಮರುವರುಷ ಲಂಡನಿನ ಬಿಷಪನಾದ ಬ್ಲೂಮ್‌ಫೀಲ್ಡನು ಪ್ರಭುಗಳ ಸಭೆಯಲ್ಲಿ ಎದ್ದು, ಇಂಥ ವಿಚಾರಣೆಯನ್ನು ದೇಶವೆಲ್ಲಾ ನಡಿಸಬೇಕೆಂದು ಕೇಳಿ ಒಪ್ಪಿಸಿದನು. ಕೆಲಸವು ಚಾಡ್ವಿಕನ ಪಾಲಿಗೆ ಬಂತು. ಅವನು ಒಕ್ಕೂಟಗಳ ವೈದ್ಯರಿಗೆ ಪತ್ರಗಳನ್ನು ಕಳುಹಿಸಿ ವರದಿಗಳನ್ನು ತರಿಸಿದ್ದಲ್ಲದೆ, ತಾನೇ ಆರ್ನಾಟನೊಂದಿಗೆ ಎಡಿನ್‌ಬರೋ ಗ್ಲಾಸ್ಗೋ ಪಟ್ಟಣಗಳ ಸಂದಿಗಳಲ್ಲಿ ತಿರುಗಾಡಿದನು. ಅಲ್ಲಿ ಮನೆಗಳ ನಡುವಿನ ಅಂಗಳದಲ್ಲಿಯೇ ತಿಪ್ಪೆ. ಮನೆಯವರು ಅದನ್ನು ಕೂಡಿಟ್ಟು ಗೊಬ್ಬರಕ್ಕೆ ಮಾರಿ ಬಾಡಿಗೆಗೆ ಹಣ ಮಾಡಿಕೊಳ್ಳುವರು. ಗ್ರೀನಾಕ್ ಎಂಬ ಊರಿನಲ್ಲಿ ಒಬ್ಬ ಗೊಬ್ಬರದ ವ್ಯಾಪಾರಿಯು ವಾಸದ ಮನೆಗಳ ಪಕ್ಕದಲ್ಲಿಯೇ ಗುಡ್ಡದಷ್ಟು ಹೊಲಸನ್ನು ಒಟ್ಟಿದ್ದನು. ತಿಪ್ಪೆ ಊರಿಗೆ ಹೊಸತೇನು ಎಂದು ನಮ್ಮ ಹಳ್ಳಿಯವರು ಕೇಳಾರು. ಹಳ್ಳಿಯಲ್ಲಿ ತಿಪ್ಪೆಗೂ ಮನೆಗೂ ನಡುವೆ ಬಯಲುಂಟು, ಗಾಳಿಯುಂಟು, ಹೊಲವು ಹತ್ತಿರ. ಅಲ್ಲಿಯಾದರೋ ಒಂದು ಕೊಠಡಿಗೆ ಒಂದು ಕುಟುಂಬ, ಒಂದು ಅಂಗಳಕ್ಕೆ ಹತ್ತಾರು ಕುಟುಂಬ, ಅವರೆಲ್ಲರಿಗೂ ಒಂದು ಕಕ್ಕಸು. ಕೆಲವು ಕಡೆ ಅದೂ ಇಲ್ಲ.

ಆ ವರದಿಯು 1842ರಲ್ಲಿ ಅವನ ಸ್ವಂತ ಹೆಸರಿನಲ್ಲಿ ಪ್ರಕಟವಾಯಿತು, ಯಾಕಂದರೆ ಅದರ ಮಾತುಗಳಿಗೆ ತಾವು ಹೊಣೆಯಾಗಲು ಕಮಿಶನರರು ಹೆದರಿದರು. ಅದರಲ್ಲಿ ಜನರ ಮನಸ್ಸನ್ನು ಕಲಕಿದ್ದು ಮರಣದ ಪಟ್ಟಿಯೇ. ಮ್ಯಾಂಚೆಸ್ಟರಿನಲ್ಲಿ ಸತ್ತವರ ಸರಾಸರಿ ವಯಸ್ಸು ಸ್ಥಿತಿವಂತರಲ್ಲಿ 38, ವ್ಯಾಪಾರಿಗಳಲ್ಲಿ 20, ಕೂಲಿಗಳಲ್ಲಿ 17 ವರುಷ. ರಟ್ಲೆಂಡ್ ಎಂಬ ಹಳ್ಳಿಗಾಡಿನ ಸೀಮೆಯಲ್ಲಿ ಇದೇ ಲೆಕ್ಕವು 52, 41, 38. ಅಂದರೆ ಹಳ್ಳಿಯ ಕೂಲಿಯೂ ಪಟ್ಟಣದ ಧನಿಕನೂ ಆಯುಸ್ಸಿನಲ್ಲಿ ಸಮಾನರು! ಲಿವರ್‌ಪೂಲಿನಲ್ಲಿ ಕೂಲಿಗಳ ಅಂಕೆ 15ಕ್ಕೆ ಇಳಿದಿತ್ತು. ಇದನ್ನು ಓದಿ ಅಲ್ಲಿಯ ಕೂಲಿಗಳೆಲ್ಲಾ ಹದಿನೈದಕ್ಕೇ ಸಾಯುತ್ತಿದ್ದರೆಂದು ತಿಳಿಯಬಾರದು. ಮ್ಯಾಂಚೆಸ್ಟರಿನ ಕೂಲಿಗಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರುಷ ತುಂಬುವ ಮೊದಲೇ ಸಾಯುತ್ತಿದ್ದರು. ಆ ಚಿಕ್ಕ ಸಮಾಧಿಗಳೇ ಸರಾಸರಿಯನ್ನು ಹಾಗೆ ಕೆಳಗೆ ಎಳೆದವು.

ನೀರಿನ ಸಂಗತಿಯೇನಂದರೆ, ಪಟ್ಟಣಗಳಲ್ಲಿ ಅದನ್ನು ಮಾರುವವರು ಲಾಭಕ್ಕಾಗಿ ಕೂಡಿದ ಕಂಪೆನಿಗಳವರು. ಅವರು ಹಣ ಕೊಡುವವರ ಮನೆಗೆ ಕೊಳವೆ ಹಾಕಿ, ದಿನಕ್ಕೆ ಕೆಲವು ಗಂಟೆ ಮಾತ್ರ ನೀರು ಬಿಡುವರು. ಬಡವರ ಕೇರಿಗೆ ಒಂದು ಬೀದಿನಲ್ಲಿ, ಅದೂ ಗೊತ್ತಾದ ಹೊತ್ತಿನಲ್ಲಿ. ಹೆಂಗಸರೂ ಮಕ್ಕಳೂ ಪಾತ್ರೆಗಳನ್ನು ಸಾಲಾಗಿ ಇಟ್ಟು ಕಾಯುವರು, ಹಿಡಿದ ನೀರನ್ನು ಮಲಗುವ ಕೊಠಡಿಯಲ್ಲಿಯೇ ತೆರೆದ ಪೀಪಾಯಿಯಲ್ಲಿ ಇಡುವರು. ಚರಂಡಿಯ ಅಧಿಕಾರವು ಇನ್ನೂ ವಿಚಿತ್ರ. ಲಂಡನಿನಲ್ಲಿ ಎಂಟನೆಯ ಹೆನ್ರಿ ಅರಸನ ಕಾಲದ ಕಾಯಿದೆಯಂತೆ ನಡೆಯುವ ಬೇರೆಬೇರೆ ಚರಂಡಿ ಮಂಡಲಿಗಳು ಇದ್ದವು. ಒಬ್ಬರ ಮೋರಿಯ ಮಟ್ಟವು ಇನ್ನೊಬ್ಬರ ಮೋರಿಗೆ ಕೂಡುತ್ತಿರಲಿಲ್ಲ. ಬೀದಿಗೆ ಕಲ್ಲು ಹಾಸುವವರು ಮತ್ತೊಬ್ಬರು, ದೀಪ ಹಚ್ಚುವವರು ಮಗುದೊಬ್ಬರು. ಎಲ್ಲರೂ ತೆರಿಗೆ ಎತ್ತುವರು. ಹೊಲಸಿಗೆ ಮಾತ್ರ ಯಾರೂ ಯಜಮಾನರಲ್ಲ.

ಚಾಡ್ವಿಕನ ಎಣಿಕೆಯಲ್ಲಿ ಪಟ್ಟಣವು ಮನುಷ್ಯನ ದೇಹದಂತೆ ಇರಬೇಕಾಗಿತ್ತು. ಶುದ್ಧರಕ್ತವು ನಾಡಿಗಳಲ್ಲಿ ಎಡೆಬಿಡದೆ ಹರಿಯುವ ಹಾಗೆ ನೀರು ಹಗಲೂ ರಾತ್ರಿಯೂ ಪ್ರತಿ ಮನೆಗೆ ಒತ್ತಡದಿಂದ ಬರಬೇಕು. ಅದೇ ನೀರು ಹೊಲಸನ್ನು ತೊಳೆದು ಚಿಕ್ಕ ಮಣ್ಣಿನ ಕೊಳವೆಗಳಲ್ಲಿ ಹೊರಗೆ ಒಯ್ಯಬೇಕು. ಕಡೆಗೆ ಅದು ಹೊಲಗಳಿಗೆ ಹೋಗಿ ಗೊಬ್ಬರವಾಗಿ ಹಣ ತರಬೇಕು. ಹೋಲ್ಬರ್ನ್ ಭಾಗದ ಜಾನ್ ರೋ ಎಂಬ ಸರ್ವೇಯರನು ಮೊಟ್ಟೆಯಾಕಾರದ ಮೋರಿಯನ್ನು ಕಟ್ಟಿ ತೋರಿಸಿದ್ದನು: ನೀರು ಕಡಿಮೆಯಾದಾಗಲೂ ಅದರ ಕಿರಿದಾದ ತಳದಲ್ಲಿ ವೇಗವಾಗಿ ಹರಿದು ಕಸವನ್ನು ನಿಲ್ಲಗೊಡಿಸದು. ಅಗಲವಾದ ಚಪ್ಪಟೆ ತಳದ ಹಳೇ ಮೋರಿಗಳಲ್ಲಿಯಾದರೋ ಕೂಲಿಗಳು ಇಳಿದು ಕೆಸರನ್ನು ಬಕೀಟುಗಳಲ್ಲಿ ಎತ್ತಬೇಕಾಗಿತ್ತು. ಈ ಕೆಲಸಗಳನ್ನೆಲ್ಲಾ ಒಂದೇ ಊರಿನಲ್ಲಿ ಒಂದೇ ಅಧಿಕಾರದ ಕೈಗೆ ಕೊಟ್ಟು, ಸಾಲ ತೆಗೆದು ಮಾಡಿ, ತೆರಿಗೆಯಿಂದ ವರುಷ ವರುಷ ತೀರಿಸಬೇಕೆಂಬದು ಅವನ ಮತ. ನಮ್ಮ ಎಣಿಕೆಯಲ್ಲಿ ಅವನ ಕೊಳವೆಗಳಿಗಿಂತ ಈ ಕಡೆಯ ಮಾತೇ ಹೆಚ್ಚಿನ ಬೆಲೆಯುಳ್ಳದ್ದು. ಬಡವನ ಮನೆಯ ಒಡೆಯನು ಒಂದೇ ಸಲಕ್ಕೆ ಅಷ್ಟು ಹಣವನ್ನು ಕೊಡಲಾರನು, ಕೊಡಲೊಲ್ಲನು. ಮೂವತ್ತು ವರುಷಕ್ಕೆ ಹಂಚಿದರೆ ವಾರಕ್ಕೆ ಕೆಲವು ಕಾಸು ಮಾತ್ರ.

1843ರಿಂದ 1845ರ ತನಕ ಪಟ್ಟಣಗಳ ಆರೋಗ್ಯದ ವಿಷಯದಲ್ಲಿ ಇನ್ನೊಂದು ವಿಚಾರಣಾ ಮಂಡಲಿ ಕೂತಿತು. ಹೆಚ್ಚು ಸಾವುಗಳಿದ್ದ ಐವತ್ತು ಪಟ್ಟಣಗಳನ್ನು ನೋಡಿದಾಗ ಒಳ್ಳೇ ನೀರಿನ ಏರ್ಪಾಡು ಇದ್ದದ್ದು ಆರರಲ್ಲಿ ಮಾತ್ರ. ಆದರೂ ಪಾರ್ಲಿಮೆಂಟ್ ತಡಮಾಡಿತು. ಅಷ್ಟರಲ್ಲಿ ವಾಂತಿಭೇದಿ ರೋಗವು ಯುರೋಪಿನಲ್ಲಿ ಪಶ್ಚಿಮಕ್ಕೆ ಬರುತ್ತಿದೆಯೆಂಬ ಸುದ್ದಿ ಮುಟ್ಟಿತು. 1832ರಲ್ಲಿ ಅದು ಮಾಡಿದ ಹಾನಿಯನ್ನು ಯಾರೂ ಮರೆತಿರಲಿಲ್ಲ. 1848ನೆಯ ಆಗಸ್ಟ್ 31ರಲ್ಲಿ ಸಾರ್ವಜನಿಕ ಆರೋಗ್ಯದ ಕಾಯಿದೆ ಹುಟ್ಟಿತು.

ಅದರ ಕ್ರಮ ಹೀಗಿತ್ತು. ಲಂಡನಿನಲ್ಲಿ ಒಂದು ಆರೋಗ್ಯ ಮಂಡಲಿ. ಅದರಲ್ಲಿ ಲಾರ್ಡ್ ಮಾರ್ಪೆತ್, ಬಡವರ ಮಿತ್ರನೆಂದು ಹೆಸರಾದ ಲಾರ್ಡ್ ಆಶ್ಲೀ, ಚಾಡ್ವಿಕ್ ಇವರು. ಯಾವದಾದರೂ ಊರಿನಲ್ಲಿ ತೆರಿಗೆ ಕೊಡುವವರಲ್ಲಿ ಹತ್ತರಲ್ಲೊಂದು ಪಾಲಿನವರು ಅರ್ಜಿ ಮಾಡಿದರೆ, ಇಲ್ಲವೆ ಏಳು ವರುಷದ ಸರಾಸರಿಯಲ್ಲಿ ಸಾವಿರಕ್ಕೆ 23ಕ್ಕಿಂತ ಹೆಚ್ಚು ಜನರು ಸಾಯುತ್ತಿದ್ದರೆ, ಇನ್ಸ್‌ಪೆಕ್ಟರನು ಅಲ್ಲಿಗೆ ಹೋಗಿ ಎಲ್ಲರ ಮುಂದೆ ಬಹಿರಂಗವಾಗಿ ವಿಚಾರಣೆ ಮಾಡಬೇಕು. ಬಳಿಕ ಅಲ್ಲಿ ಸ್ಥಳಿಕ ಮಂಡಲಿಯನ್ನು ಏರ್ಪಡಿಸಬಹುದು. ಚರಂಡಿ, ಬೀದಿ, ಕಸಾಯಿಖಾನೆ, ನೀರು ಇವೆಲ್ಲವೂ ಅದರ ಕೈಗೆ. ಕಕ್ಕಸು ಚರಂಡಿಗಳಿಲ್ಲದೆ ಹೊಸ ಮನೆ ಕಟ್ಟಕೂಡದು. ತೆರಿಗೆಯ ಆಧಾರದ ಮೇಲೆ ಸಾಲ ತೆಗೆದು ಮೂವತ್ತು ವರುಷದೊಳಗೆ ತೀರಿಸಬಹುದು. ಕಾಯಿದೆಯಲ್ಲಿ ಕುಂದುಗಳೂ ಇದ್ದವು. ಲಂಡನ್ ಪಟ್ಟಣವು ಅದಕ್ಕೆ ಒಳಪಟ್ಟಿರಲಿಲ್ಲ. ನೀರಿನ ಕಂಪೆನಿ ಇರುವ ಊರಿನಲ್ಲಿ, ಆ ಕಂಪೆನಿಯು ತಕ್ಕ ನೀರನ್ನು ಕೊಡಲು ಒಪ್ಪಿದರೆ ಮಂಡಲಿಯವರು ಬೇರೆ ನೀರು ತರಕೂಡದು. ಆಸ್ತಿ ಹೆಚ್ಚಿದ್ದವನಿಗೆ ಆರು ವೋಟುಗಳ ತನಕ ಇದ್ದವು. ಬಾಡಿಗೆಯ ಕೊಠಡಿಯಲ್ಲಿ ಸಾಯುವ ಕೂಲಿಗೆ ಒಂದೂ ಇರಲಿಲ್ಲ.

ಕಾಯಿದೆಯ ಹಿಂದೆಯೇ ರೋಗವೂ ಬಂತು. 1848–49ರಲ್ಲಿ ಇಂಗ್ಲೆಂಡು ವೇಲ್ಸುಗಳಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಜನರೂ, ಅವರಲ್ಲಿ ಲಂಡನಿನೊಳಗೆ ಸುಮಾರು 14,000 ಜನರೂ ಸತ್ತರು. ಇಲ್ಲಿ ಚಾಡ್ವಿಕನ ಜೀವನದ ದೊಡ್ಡ ತಪ್ಪನ್ನು ನಾವು ಮುಚ್ಚಿಡಲಾರೆವು. ರೋಗವು ದುರ್ವಾಸನೆಯಿಂದ ಹುಟ್ಟುತ್ತದೆಂದು ಅವನು ಆ ಕಾಲದ ಅನೇಕರಂತೆ ನಂಬಿದ್ದನು. ವಾಸನೆಯೇ ರೋಗವೆಂಬಷ್ಟು ದೃಢವಾಗಿ ನಂಬಿದ್ದನು. ಲಂಡನಿನ ಚರಂಡಿ ಮಂಡಲಿಗಳನ್ನು ಒಂದಾಗಿ ಕೂಡಿಸಿದ ಮೇಲೆ ಅವನೂ ಅವನ ಸಂಗಡಿಗರೂ ಮನೆಗಳ ಮಲಗುಂಡಿಗಳನ್ನು ಮುಚ್ಚಿಸಿ, ಮೋರಿಗಳಿಗೆ ನೀರು ನುಗ್ಗಿಸಿ, ಕೂಡಿದ್ದ ಹೊಲಸನ್ನು ಥೇಮ್ಸ್ ನದಿಗೆ ತೊಳೆದುಬಿಟ್ಟರು. ಮನೆಯ ವಾಸನೆ ಕಡಿಮೆಯಾಯಿತು. ಆದರೆ ಕಂಪೆನಿಗಳಲ್ಲಿ ಹಲವು ಆ ನದಿಯಿಂದಲೇ ನೀರೆತ್ತಿ ಕುಡಿಯಲು ಮಾರುತ್ತಿದ್ದವು. ಜನರು ಒಂದು ಕೈಯಿಂದ ನದಿಗೆ ಹಾಕಿದ ವಿಷವನ್ನು ಇನ್ನೊಂದು ಕೈಯಿಂದ ಲೋಟದಲ್ಲಿ ತೆಗೆದುಕೊಂಡರು. ಬೇನೆಯನ್ನು ಓಡಿಸುವದಕ್ಕೆಂದು ಮಾಡಿದ ಕೆಲಸವು ಅದಕ್ಕೆ ದಾರಿಯನ್ನು ಅಗಲಮಾಡಿತು.

1849ರಲ್ಲಿಯೇ ಅವನನ್ನು ಚರಂಡಿ ಮಂಡಲಿಯಿಂದ ಬಿಟ್ಟುಬಿಟ್ಟರು. ಆರೋಗ್ಯ ಮಂಡಲಿಯಲ್ಲಿ ಇನ್ನೂ ಐದು ವರುಷ ಉಳಿದನು. 1850ರಲ್ಲಿ ಆ ಮಂಡಲಿಯು ಲಂಡನಿನ ನೀರಿನ ಕಂಪೆನಿಗಳನ್ನೆಲ್ಲಾ ಕೊಂಡು ಒಂದು ಮಾಡಿ, ನದಿಯನ್ನು ಬಿಟ್ಟು ಸರ್ರೀ ಸೀಮೆಯ ಮರಳು ಭೂಮಿಯ ನೀರನ್ನು ತರಬೇಕೆಂದು ಸೂಚಿಸಿತು. ಕಂಪೆನಿಗಳ ಪಾಲುದಾರರು ಪಾರ್ಲಿಮೆಂಟಿನಲ್ಲಿಯೂ ಇದ್ದರು, ಸೂಚನೆ ಬಿದ್ದುಹೋಯಿತು. ಅದಕ್ಕೆ ಬದಲಾಗಿ 1852ರ ಕಾಯಿದೆಯು, ಥೇಮ್ಸಿನ ನೀರನ್ನು 1855ರೊಳಗೆ ಸಮುದ್ರದ ಉಬ್ಬರ ತಾಕದ ಟೆಡ್ಡಿಂಗ್‌ಟನ್ನಿನ ಮೇಲುಗಡೆಯಿಂದ ಎತ್ತಿ ಮರಳಿನಲ್ಲಿ ಸೋಸಿ ಕೊಡಬೇಕೆಂದು ಕಂಪೆನಿಗಳಿಗೆ ಆಜ್ಞಾಪಿಸಿತು. ಕಂಪೆನಿಗಳವರು, ಪಾರಿಷಿನ ಮುಖ್ಯಸ್ಥರು, ಮೋರಿಯ ಇಂಜಿನಿಯರರು, ವೈದ್ಯರು, ಸಮಾಧಿ ಭೂಮಿಯಿಂದ ಜೀವಿಸುವವರು ಎಲ್ಲರೂ ಚಾಡ್ವಿಕನಿಗೆ ಶತ್ರುಗಳಾದರು. ಅವನ ಸ್ವಭಾವವೂ ಅವರಿಗೆ ಸಹಾಯಮಾಡಿತು. ಎದುರು ಮಾತಾಡಿದವರನ್ನು ಅವನು ಮೂಢರೆಂದೋ ಲಂಚಗಾರರೆಂದೋ ಎಣಿಸುವನು. ಲಂಡನಿನ ಒಂದು ದೊಡ್ಡ ಪತ್ರಿಕೆಯು, ಬಲಾತ್ಕಾರದಿಂದ ಆರೋಗ್ಯವಂತರಾಗುವದಕ್ಕಿಂತ ರೋಗವೇ ಮೇಲೆಂಬ ಅರ್ಥದಲ್ಲಿ ಅವನನ್ನು ಪರಿಹಾಸ್ಯ ಮಾಡಿತು. 1854ರ ಜುಲಾಯಿ 31ರಲ್ಲಿ ಮಂಡಲಿಯನ್ನು ಮುಂದುವರಿಸುವ ಮಸೂದೆ ಪಾರ್ಲಿಮೆಂಟಿನಲ್ಲಿ ಸೋತಿತು. ವರುಷಕ್ಕೆ 1,000 ಪೌಂಡು ಪಿಂಚಣಿ ಕೊಟ್ಟು ಅವನನ್ನು ಮನೆಗೆ ಕಳುಹಿಸಿದರು. ಆಗ ಅವನಿಗೆ 54 ವರುಷ. ಮುಂದೆ ಅವನಿಗೆ ಸರಕಾರದ ಉದ್ಯೋಗ ದೊರೆಯಲೇ ಇಲ್ಲ. ಅಷ್ಟರೊಳಗೆ ಸುಮಾರು 180 ಊರುಗಳಲ್ಲಿ ಸ್ಥಳಿಕ ಮಂಡಲಿಗಳು ಹುಟ್ಟಿದ್ದವು.

ಅದೇ ವರುಷದ ಬೇಸಗೆಯಲ್ಲಿ ವಾಂತಿಭೇದಿ ಮತ್ತೆ ಲಂಡನಿನಲ್ಲಿತ್ತು. ಜಾನ್ ಸ್ನೋ ಎಂಬ ವೈದ್ಯನು ರೋಗವು ಗಾಳಿಯಿಂದಲ್ಲ, ಹೊಲಸು ಕೂಡಿದ ನೀರಿನಿಂದ ಬರುತ್ತದೆಂದು 1849ರಿಂದಲೇ ಹೇಳುತ್ತಿದ್ದನು. ನದಿಯ ದಕ್ಷಿಣಕ್ಕೆ ಒಂದೇ ಬೀದಿಗಳಲ್ಲಿ ಎರಡು ಕಂಪೆನಿಗಳ ಕೊಳವೆಗಳಿದ್ದವು. ಲ್ಯಾಂಬೆತ್ ಕಂಪೆನಿಯು 1852ರಲ್ಲಿಯೇ ನದಿಯ ಮೇಲುಭಾಗಕ್ಕೆ ಹೋಗಿತ್ತು. ಸೌತ್‌ವಾರ್ಕ್ ವಾಕ್ಸಾಲ್ ಕಂಪೆನಿಯು ಇನ್ನೂ ಪಟ್ಟಣದೊಳಗಿನ ಕೊಳಕು ನೀರನ್ನೇ ಎತ್ತುತ್ತಿತ್ತು. ಸ್ನೋ ಮನೆಮನೆಗೆ ಹೋಗಿ ವಿಚಾರಿಸಿದನು. ರೋಗ ಬಂದ ಮೊದಲಿನ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ 37 ಮರಣಗಳು, ಸೌತ್‌ವಾರ್ಕ್ ನೀರಿನವರಲ್ಲಿ 315. ಗಾಳಿ ಒಂದೇ, ಬೀದಿ ಒಂದೇ. ಬೇರೆಯಾದದ್ದು ನೀರು ಮಾತ್ರ. 1884ರಲ್ಲಿ ರಾಬರ್ಟ್ ಕೋಖ್ ಎಂಬ ಜರ್ಮನಿಯ ಪಂಡಿತನು ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಆ ರೋಗದ ಕ್ರಿಮಿಯನ್ನು ಕಂಡನು. ಚಾಡ್ವಿಕನು ಆಗಲೂ ಬದುಕಿದ್ದನು. ತನ್ನ ಹಳೇ ನಂಬಿಕೆಯನ್ನು ಬಿಡಲಿಲ್ಲ.

ಅವನು ಬಿಟ್ಟುಹೋದ ಕೆಲಸವನ್ನು ಅವನ ವೈರಿಗಳೇ ಮಾಡಬೇಕಾಗಿ ಬಂತು. 1858ರ ಬಿಸಿಲಿನಲ್ಲಿ ಥೇಮ್ಸ್ ನದಿ ನಾರಿ, ದಡದಲ್ಲಿದ್ದ ಪಾರ್ಲಿಮೆಂಟಿನವರಿಗೆ ಕೂತುಕೊಳ್ಳಲಾಗದೆ ಹೋದಾಗ ಹಣ ಕೂಡಲೆ ಮಂಜೂರಾಯಿತು. ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಇಂಜಿನಿಯರನು ಹೊಲಸನ್ನು ಪಟ್ಟಣದ ಕೆಳಗೆ ದೂರ ಒಯ್ಯುವ ದೊಡ್ಡ ಇಟ್ಟಿಗೆಯ ಮೋರಿಗಳನ್ನು ಕಟ್ಟಿದನು. ಚಾಡ್ವಿಕನಿಗೆ ಅವು ಹಿಡಿಸಲಿಲ್ಲ. 1866ರಲ್ಲಿ ರೋಗವು ಹೆಚ್ಚಾಗಿ ಲಂಡನಿನ ಪೂರ್ವಭಾಗದಲ್ಲಿ ಮಾತ್ರ ಬಲಿತೆಗೆದುಕೊಂಡಿತು. ಅಲ್ಲಿಯ ಕಂಪೆನಿಯು ಸೋಸದ ನೀರನ್ನು ಬಿಟ್ಟಿತ್ತು. 1872ರಲ್ಲಿಯೂ 1875ರಲ್ಲಿಯೂ ಆದ ಕಾಯಿದೆಗಳಿಂದ ಇಂಗ್ಲೆಂಡು ವೇಲ್ಸುಗಳಲ್ಲಿ ಪಟ್ಟಣವಾಗಲಿ ಹಳ್ಳಿಯಾಗಲಿ ಆರೋಗ್ಯಾಧಿಕಾರಿಯಿಲ್ಲದ ಸ್ಥಳವಿಲ್ಲದಂತಾಯಿತು. ಅರ್ಜಿಯನ್ನು ಕಾಯುವದು ನಿಂತು ಅದು ಅಧಿಕಾರಿಗಳ ಕರ್ತವ್ಯವೇ ಆಯಿತು. ಹಳ್ಳಿಗಳಲ್ಲಿ ಈ ಕೆಲಸವು 1834ರ ಬಡವರ ಒಕ್ಕೂಟಗಳ ಪಾಲಿಗೆ ಬಂದದ್ದು ವಿಶೇಷ: ಜನರು ಶಪಿಸಿದ ಏರ್ಪಾಡೇ ಅವರ ಬಾವಿಗಳನ್ನು ನೋಡಿಕೊಳ್ಳಬೇಕಾಯಿತು. ಲಂಡನಿನ ನೀರಿನ ಕಂಪೆನಿಗಳನ್ನು ಕೊಂಡು ಒಂದು ಮಾಡುವ ಕಾಯಿದೆಯು 1902ರಲ್ಲಿ, ಅವನು ಕೇಳಿ ಐವತ್ತೆರಡು ವರುಷಗಳಾದ ಮೇಲೆ, ಆಯಿತು.

ನಮ್ಮ ದೇಶಕ್ಕೂ ಇದರ ಎಳೆಯೊಂದು ಮುಟ್ಟಿತು. ಹಿಂದೂದೇಶದ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ನೇಮಿಸಲ್ಪಟ್ಟ ಮಂಡಲಿಯ ಕೆಲಸದಲ್ಲಿ ಫ್ಲಾರೆನ್ಸ್ ನೈಟಿಂಗೇಲಮ್ಮನವರು ಬಹಳ ಪ್ರಯಾಸಪಟ್ಟರು. ಚಾಡ್ವಿಕನು ಅವರೊಂದಿಗೆ ಪತ್ರವ್ಯವಹಾರವಿದ್ದ ಸ್ನೇಹಿತನಾಗಿದ್ದನು. 1863ರಲ್ಲಿ ಪ್ರಕಟವಾದ ಆ ಕಾಗದಗಳಲ್ಲಿ ಬೆಂಗಳೂರು ದಂಡಿನ ಸಂಗತಿಯೂ ಇದೆ: ಬಜಾರಿನ ಹೊಲಸೆಲ್ಲಾ ಹರಿದುಬರುವ ಹಲಸೂರು ಕೆರೆಯ ನೀರನ್ನು ಕುಡಿಯುವದಕ್ಕೆ ಉಪಯೋಗಿಸುತ್ತಿದ್ದರೆಂದು ನೈಟಿಂಗೇಲಮ್ಮನವರು ಎತ್ತಿ ತೋರಿಸಿದರು. ಮರುವರುಷ ಬಂಗಾಳ, ಮದ್ರಾಸು, ಬೊಂಬಾಯಿ ಸಂಸ್ಥಾನಗಳಿಗೆ ಆರೋಗ್ಯದ ಕಮಿಶನುಗಳು ನೇಮಕವಾದವು.

ಉದ್ಯೋಗ ಹೋದ ಮೇಲೆ ಚಾಡ್ವಿಕನು ಮೂವತ್ತಾರು ವರುಷ ಬದುಕಿದನು. ಶಾಲೆಯ ಮಕ್ಕಳ ಪಾಠದ ಹೊತ್ತು, ರೈಲು, ಸೈನ್ಯದ ಆರೋಗ್ಯ ಮುಂತಾದ ಅನೇಕ ವಿಷಯಗಳಲ್ಲಿ ಬರೆಯುತ್ತಲೇ ಇದ್ದನು. ಪಾರ್ಲಿಮೆಂಟಿಗೆ ಆರಿಸಲ್ಪಡಲು ಪ್ರಯತ್ನಪಟ್ಟು ಸೋತನು. ಅವನ ಮಗನಾದ ಆಸ್ಬರ್ಟ್ ಚಾಡ್ವಿಕನು ಇಂಜಿನಿಯರನಾಗಿ 1882ರಲ್ಲಿ ಹಾಂಗ್‌ಕಾಂಗ್ ಪಟ್ಟಣದ ಚರಂಡಿಗಳನ್ನೂ ನೀರನ್ನೂ ಪರೀಕ್ಷಿಸಿ ವರದಿ ಮಾಡಿದನು. ತಂದೆಗೆ ಸರ್ ಎಂಬ ಬಿರುದು 1889ರಲ್ಲಿ, ಅಂದರೆ 89ನೆಯ ವಯಸ್ಸಿನಲ್ಲಿ ದೊರೆಯಿತು. 1890ನೆಯ ಜುಲಾಯಿ 6ರಲ್ಲಿ ಲಂಡನಿಗೆ ಹತ್ತಿರವಾದ ಈಸ್ಟ್ ಶೀನ್ ಎಂಬಲ್ಲಿ ಅವನು ತೀರಿಹೋದನು. ತನ್ನ ಆಸ್ತಿಯ ದೊಡ್ಡ ಭಾಗವನ್ನು ಆರೋಗ್ಯದ ವಿಷಯವಾದ ಉಪನ್ಯಾಸಗಳಿಗೂ ಬೋಧನೆಗೂ ಬರೆದಿಟ್ಟಿದ್ದನು.